ಬಾವಿಯ ಸೀನು

ಸಿನೆಮಾ ಶುರುವಾಗಿ ಅರ್ಧ ತಾಸು ಕಳೆದರೂ ಪರದೆಯ ಮೇಲೆ ಒಬ್ಬರೂ ಪಿಟಕ್ಕೆಂದಿರಲಿಲ್ಲ. ನೇತ್ರಾವತಿ ಒಲೆ ಹಚ್ಚಿದಳು. ಒಲೆ ಊದಿದಳು. ಒಲೆಯ ಮುಂದೆ ಕೂತಳು. ಆಮೇಲೆ ಕೂತೇ ಇದ್ದಳು. ಕಥೆ ಅಂದರೆ ಇಷ್ಟೇ.

ಪರದೆಯ ಮೇಲೆ ಕೂತ ಅದೇ ನೇತ್ರಾವತಿ ಪರದೆಯ ಕೆಳಗೂ ಕೂತಿದ್ದಳು. ರಾಯಚೂರಿನ ಆ ರಂಗಮಂದಿರದ ಮೂರನೇ ಸಾಲಿನ ನಟ್ಟನಡುವಿನ ಕುರ್ಚಿ. ಎಡಕ್ಕೆ ಅತ್ತೆ ಬಂಡೆಮ್ಮ, ಬಲಕ್ಕೆ ಗಂಡ ದುರುಗೇಶ, ಅವರ ಆಚೆ ಎರಡೂ ಕಡೆ ಮಾನ್ವಿಯಿಂದ ಕ್ರೂಸರ್ ಗಾಡಿ ತುಂಬಿ ಬಂದ ಗಂಡನ ಮನೆಯ, ಓಣಿಯ ಮಂದಿ. ಏಳಬೇಕೆಂದರೆ ಯಾವ ಕಡೆಯಿಂದ ಹೋದರೂ ಅಷ್ಟೂ ಜನರ ಮೊಣಕಾಲು ದಾಟಬೇಕು. ಎದ್ದು ಹೋಗುವುದಾದರೂ ಹೇಗೆ? ಎಲ್ಲರನ್ನೂ ಕರೆತಂದವಳೇ ಅವಳು.

"ಬಾವಿ ಸೀನು ಬಂತೇನ ಬೇ?" ಬಂಡೆಮ್ಮ ಕಿವಿಯ ಹತ್ತಿರ ಬಾಗಿ ಕೇಳಿದಳು.

"ಇನ್ನಾ ಅದ ಅತ್ತಿ. ಬರ್ತದ."

"ಬರ್ಲಿ, ಬರ್ಲಿ. ಊರಿಗೆ ಬಂದಾಕಿ ನೀರಿಗೆ ಬರ್ದಽ ಇರ್ತಾಳೇನು," ಎಂದು ಬಂಡೆಮ್ಮ ಸೆರಗು ಸರಿಮಾಡಿಕೊಂಡು ಮತ್ತೆ ಒಲೆ ನೋಡತೊಡಗಿದಳು.

ಈ ಬಾವಿಯ ಸೀನಿನದೊಂದು ಪುರಾಣವಿದೆ. ಅದನ್ನು ಹೇಳದಿದ್ದರೆ ಆ ಕುರ್ಚಿಯಲ್ಲಿ ನೇತ್ರಾವತಿ ಪಟ್ಟ ಪಾಡು ನಿಮಗೆ ತಿಳಿಯುವುದಿಲ್ಲ.

ನೇತ್ರಾವತಿ ದೇವದುರ್ಗದ ಬೂದೆಪ್ಪನ ಮಗಳು. ಕುರಿ ಸಾಕಿದ ಮನೆತನ. ಹೊಲದ ಆ ದಂಡೆಗೆ ಮೇಯುವ ಕುರಿಯನ್ನು ಈ ದಂಡೆಗೆ ನಿಂತು ಕರೆಯುವವರಿಗೆ ಸಣ್ಣ ಗಂಟಲಿದ್ದರೆ ಬಾಳು ನಡೆದೀತೇ? ಕುರಿ ಕಾದ ಅಜ್ಜಿಯ ಆ ಗಂಟಲು ಮೊಮ್ಮಗಳಿಗೆ ಬಂದಿತ್ತು. ಡಿಗ್ರಿ ಓದುವಾಗ ಕಾಲೇಜಿನ ನಾಟಕದಲ್ಲಿ ಮೈಕು ಕೈಕೊಟ್ಟು ಉಳಿದವರೆಲ್ಲ ಬರೀ ಬಾಯಿ ಆಡಿಸುತ್ತಿದ್ದಾಗ, ಈಕೆಯ ಮಾತು ಮಾತ್ರ ಕಾಂಪೌಂಡಿನ ಆಚೆ ನಿಂತ ಆಟೋದವರಿಗೂ ಕೇಳಿಸಿತ್ತು. ಅವತ್ತು ಆ ನಾಟಕ ನೋಡಲು ಬಂದಿದ್ದವನು ಪ್ರಭುರಾಜ. ರಾಯಚೂರಿನವನೇ, ಎಲ್ಲೋ ದೂರ ಹೋಗಿ ಸಿನೆಮಾ ಮಾಡುವುದನ್ನು ಕಲಿತು ಬಂದವನು. ಮೆತ್ತಗೆ ಮಾತಾಡುವವನು, ಕೆಟ್ಟವನೇನಲ್ಲ. ಗಬ್ಬೂರಿನ ಹತ್ತಿರ ಒಂದು ಹಳೆ ಮನೆ ಹಿಡಿದು 'ಹಂಚು' ಎಂಬ ಸಿನೆಮಾ ತೆಗೆದ. ಅದರಲ್ಲಿ ಸೊಸೆಯ ಪಾತ್ರ ನೇತ್ರಾವತಿಯದು.

"ಏನೂ ಮಾಡಬೇಡ, ಸುಮ್ಮನೆ ಇರು" ಎನ್ನುವುದು ಅವನ ಪಾಠ. ನೇತ್ರಾವತಿ ಹಲ್ಲು ಕಚ್ಚಿ ಸುಮ್ಮನಿದ್ದಳು. ಯಾಕೆಂದರೆ ಕಡೆಗೆ ಬಾವಿಯ ಸೀನು ಬರುವುದಿತ್ತು. ನೀರಿಗೆ ಬಂದ ಸೊಸೆಯ ಕೊಡವನ್ನು ಭಾವ ಕಾಲಿನಿಂದ ಒದೆಯುತ್ತಾನೆ, ಅಲ್ಲಿಯತನಕ ತುಟಿ ಬಿಚ್ಚದ ಸೊಸೆ ಬಾಯಿ ತೆರೆಯುತ್ತಾಳೆ. ಕಾಗದದಲ್ಲಿ ನಾಲ್ಕೇ ಸಾಲು ಬರೆದಿತ್ತು. "ಮುಂದೆ ನಿನಗೆ ಬಂದಹಾಗೆ ಮಾತಾಡು" ಎಂದಿದ್ದ ಪ್ರಭುರಾಜ. ಬಂದಹಾಗೆ ಅಂದರೆ ಕೇಳಬೇಕೇ! ದಿನಗಟ್ಟಲೆ ತಡೆದಿಟ್ಟದ್ದು ಒಮ್ಮೆಲೇ ಹೊರಬಿತ್ತು. ಅವಳು ನಿಲ್ಲಿಸಿದಳು. ಆಮೇಲೆ ಚಪ್ಪಾಳೆ ಬಿತ್ತು. ಅಡುಗೆ ಮಾಡಲು ಬಂದಿದ್ದ ಮಾರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಯವ್ವಾ, ನನ್ನ ಹೊಟ್ಟ್ಯಾಗಿಂದು ನಿನಗ ಹೆಂಗ ಗೊತ್ತಾತು?" ಎಂದು ಅವಳ ಗಲ್ಲ ಹಿಡಿದಿದ್ದಳು.

ಅದಾದ ಮರುವರ್ಷ ಮದುವೆ. ಗಂಡ ದುರುಗೇಶನದು ಮಾನ್ವಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತಿಕೊಡುವ ಅಂಗಡಿ. ಸಾಧು ಮನುಷ್ಯ. ಎಷ್ಟು ಸಾಧು ಅಂದರೆ ಮನೆಯಲ್ಲಿ ಬಾಯಿ ಎನ್ನುವುದೆಲ್ಲ ತಾಯಿಗೆ ಒಪ್ಪಿಸಿಬಿಟ್ಟಿದ್ದ. ಬಂಡೆಮ್ಮನ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು. ಆಕೆ ಮಾತಾಡುವ ಮನೆಯಲ್ಲಿ ಬೇರೆಯವರ ಮಾತಿಗೆ ಜಾಗವೇ ಉಳಿಯುತ್ತಿರಲಿಲ್ಲ. ಎರಡು ವರ್ಷದಿಂದ ನೇತ್ರಾವತಿ ಆಡಿದ್ದು "ಹೂಂ ಅತ್ತಿ", "ಬಂದೆ ಅತ್ತಿ", "ಆತು ಅತ್ತಿ". ಒಂದು ದಿನ ಹಿತ್ತಲಲ್ಲಿ ಆಡಿನ ಮರಿಯನ್ನು ಕರೆಯಲು ಹೋದರೆ ದನಿ ಗೊರಗೊರ ಎಂದಿತು. ಅವಳಿಗೆ ದಿಗಿಲಾಯಿತು. ಕುರಿಗಾರರ ಮಗಳ ಗಂಟಲು ತುಕ್ಕು ಹಿಡಿದರೆ ಇನ್ನೇನು ಉಳಿಯಿತು?

ಅಂಥ ಹೊತ್ತಿಗೆ ಬಂತು ಕಲೀಮುಲ್ಲಾ ಸರ್ ಫೋನು. ದೇವದುರ್ಗದಲ್ಲಿ ಅವಳಿಗೆ ಕನ್ನಡ ಕಲಿಸಿದವರು, ಈಗ ನಿವೃತ್ತರಾಗಿ ರಾಯಚೂರಿನಲ್ಲಿ ಒಂದು ನಾಟಕ ತಂಡ ಕಟ್ಟಿದ್ದಾರೆ. "ಹೊಸಾ ನಾಟಕ ಹಿಡದೀನಮ್ಮಾ. ಮೊದಲಿಂದ ಕಡೀತನಕ ಒಬ್ಬಾಕಿ ಹೆಣ್ಣುಮಗಳೇ ಮಾತಾಡಬೇಕು. ನಿನ್ನ ಬಿಟ್ರ ನನಗ ಯಾರೂ ಕಾಣವಲ್ರು. ಐತಾರಕ್ಕೊಮ್ಮೆ ಬಂದು ತಾಲೀಮು ಮಾಡಿ ಹೋಗು," ಎಂದರು. ಭಾನುವಾರಕ್ಕೊಮ್ಮೆಯಾದರೂ ಬಾಯಿ ತುಂಬ ಮಾತಾಡಬಹುದೆಂದು ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಗಂಡನಿಗೆ ಎಲ್ಲ ಹೇಳಿ ಕೇಳಿದರೆ, "ನಂದೇನಿಲ್ಲ, ಅವ್ವನ್ನ ಕೇಳು" ಎಂದ. ಬರೀ ನಾಟಕವೆಂದಷ್ಟೇ ಹೇಳಿ ಅವ್ವನನ್ನು ಕೇಳಿದರೆ, "ನೀ ಮಂದಿ ಮುಂದ ಏನ್ ಮಾಡ್ತಿ ಅಂತ ಕಣ್ಣಿಲೆ ನೋಡ್ದಽ ಹೆಂಗ ಹೂಂ ಅನ್ಲಿ? ಅದೇನೋ ಸಿನೆಮಾ ಮಾಡಿದ್ದಿಯಲ್ಲ, ಅದು ಬರ್ಲಿ. ನೋಡಿ ಹೇಳ್ತೀನಿ" ಎಂದಳು.

ಸಿನೆಮಾ ದೇಶವೆಲ್ಲ ತಿರುಗಿ, ಬಹುಮಾನ ಹೊತ್ತುಕೊಂಡು, ಅಂತೂ ರಾಯಚೂರಿಗೆ ಬಂತು. ನೇತ್ರಾವತಿಯೂ ಅದನ್ನು ನೋಡಿರಲಿಲ್ಲ. ಆದರೆ ನೋಡಿದವಳಿಗಿಂತ ಹೆಚ್ಚು ಹೇಳಿದ್ದಳು! ಬಾವಿಯ ಸೀನನ್ನು ಅತ್ತೆಗೆ ಹೇಳಿದಳು, ನಾದಿನಿ ಯಶೋದಾಗೆ ಹೇಳಿದಳು, ನೀರಿನ ನಲ್ಲಿಯ ಹತ್ತಿರ ಸಿಕ್ಕ ಓಣಿಯ ಉಮ್ಮೇ ಕುಲ್ಸುಮ್ ಚಿಕ್ಕಮ್ಮನಿಗೂ ಹೇಳಿದಳು. ಏನು ಮಾತಾಡಿದೆ ಎಂದು ಕೇಳಿದರೆ ಮಾತ್ರ, "ಅಲ್ಲೇ ಕೇಳ್ರಿ, ಈಗಽ ಹೇಳಿದ್ರ ಮಜಾ ಇರಂಗಿಲ್ಲ" ಎನ್ನುತ್ತಿದ್ದಳು. ಹೀಗಾಗಿ ಬಂಡೆಮ್ಮನ ಜೊತೆ ಓಣಿಯೇ ಹೊರಟಿತು. ಮದುವೆಗೆ ಹೊರಟವರಂತೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು, ನಿರ್ದೇಶಕನಿಗೆ ಆಯೇರಿ ಮಾಡಲು ಒಂದು ಟವೆಲು, ಒಂದು ತೆಂಗಿನಕಾಯಿ ತೆಗೆದುಕೊಂಡು, ಬಾಡಿಗೆ ಗಾಡಿ ಹೊಡೆಯುವ ಮುಕರ್ರಂನ ಕ್ರೂಸರ್ ಹತ್ತಿ ಬಂದು ಬೆಳಗಿನ ಆಟಕ್ಕೆ ಕೂತಿದ್ದರು.

ಈಗ ನೋಡಿದರೆ ಒಲೆ.

ಒಲೆಯಿಂದ ಕ್ಯಾಮೆರಾ ಕಿಟಕಿಗೆ ಹೋಯಿತು. ಕಿಟಕಿಯಲ್ಲಿ ಏನೂ ಇರಲಿಲ್ಲ. ಇಲ್ಲದ್ದನ್ನೇ ಬಹಳ ಹೊತ್ತು ತೋರಿಸಿದರು. ಒಂದು ಆಡು ಕಿಟಕಿಯ ಈ ಕಡೆಯಿಂದ ಬಂದು ಆ ಕಡೆ ಹೋದಾಗ ಮಾನ್ವಿಯ ಮಂದಿ ಖುಷಿಗೆ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿದ್ದ ಜುಬ್ಬಾದ ಹಿರಿಯರೊಬ್ಬರು ತಿರುಗಿ ನೋಡಿ ತುಟಿಯ ಮೇಲೆ ಬೆರಳಿಟ್ಟರು. ದುರುಗೇಶನ ದೊಡ್ಡಪ್ಪ ಆಗಲೇ ಗೊರಕೆ ಶುರುಮಾಡಿದ್ದ. ಏಸಿಯ ತಂಪಿಗೆ ರಾಯಚೂರಿನ ಬಿಸಿಲಿನಿಂದ ಬಂದ ಮೈ ಹೇಗೆ ಎಚ್ಚರವಿದ್ದೀತು?

"ವೈನೀ," ಎಂದು ಯಶೋದಾ ಬಂಡೆಮ್ಮನನ್ನು ದಾಟಿ ಬಾಗಿದಳು, "ಕರೆಂಟ್ ಹೋಗ್ಯಾದೇನು? ಅಲ್ಲಾಡವಲ್ದಲ್ಲ."

"ಹಂಗಽ ಇರ್ತದ ಅದು."

"ಎಲ್ಲಿತನಕ?"

ನೇತ್ರಾವತಿಗೂ ಗೊತ್ತಿರಲಿಲ್ಲ. ಅವಳ ಕಿವಿ ಕೆಂಪಗಾಗಿದ್ದವು. ಪರದೆಯ ಮೇಲಿನ ತನ್ನ ಮುಖ ನೋಡಿದರೆ ಅದು ತನ್ನದೆಂದೇ ಅವಳಿಗೆ ಅನ್ನಿಸಲಿಲ್ಲ. ದೇವದುರ್ಗದಲ್ಲಿ ಅಷ್ಟು ನಕ್ಕು, ಅಷ್ಟು ಜಗಳಾಡಿ ಬೆಳೆದ ಹುಡುಗಿ ಯಾವಾಗ ಹೀಗೆ ಮಣ್ಣಿನ ಗೋಡೆಗೆ ಒರಗಿ ಕೂತಳು? ಇದು ಸಿನೆಮಾವೋ, ಮಾನ್ವಿಯ ತನ್ನ ಅಡುಗೆಮನೆಯೋ? ಹೊರಗೆ ಹೋಗಲು ಒಂದು ಬಾಗಿಲು ಬೇಕೆಂದು ಈ ಸಿನೆಮಾ ನಂಬಿ ಬಂದರೆ, ಸಿನೆಮಾದ ಒಳಗೂ ಅದೇ ಒಲೆ, ಅದೇ ಗೋಡೆ. ಬಾವಿ ಬರಲಿ ಸಾಕು ಎಂದು ಮನಸ್ಸಿನಲ್ಲೇ ಮನೆದೇವರಿಗೆ ಕೈಮುಗಿದಳು.

ಬಾವಿಗಿಂತ ಮೊದಲು ರೊಟ್ಟಿ ಬಂತು.

ಪರದೆಯ ನೇತ್ರಾವತಿ ಜೋಳದ ಹಿಟ್ಟು ನಾದಿದಳು, ಬಡಿದಳು, ಎತ್ತಿ ಹಂಚಿಗೆ ಹಾಕಿದಳು. ಮಾನ್ವಿಯ ಹೆಂಗಸರು ನೆಟ್ಟಗೆ ಕೂತರು. ಇದು ಅವರಿಗೆ ಗೊತ್ತಿದ್ದ ಕೆಲಸ. "ಬಡಿಯೋದು ಪಾಡ ಬಡೀತಾಳ," ಎಂದು ಹಿಂದಿನಿಂದ ಒಬ್ಬರು ಒಪ್ಪಿಗೆ ಕೊಟ್ಟರು. ರೊಟ್ಟಿಯ ಮೇಲೆ ನೀರು ಸವರಿದಳು. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಕ್ಯಾಮೆರಾ ರೊಟ್ಟಿಯನ್ನೇ ನೋಡುತ್ತ ನಿಂತಿತು.

ರೊಟ್ಟಿಯ ಅಂಚು ಎದ್ದಿತು. ಯಾರೂ ತಿರುವಲಿಲ್ಲ. ಹೊಗೆಯಾಡಿತು. ಯಾರೂ ತಿರುವಲಿಲ್ಲ.

"ತಿರುವಿ ಹಾಕ್ಲಿಲ್ಲಲ್ಲ," ಎಂದಳು ಬಂಡೆಮ್ಮ ಮೆಲ್ಲಗೆ.

ಹೊಗೆ ದಟ್ಟವಾಯಿತು. ಒಂದು ಮೂಲೆ ಕರ್ರಗಾಯಿತು. ಅಷ್ಟೇ. ಹಿಂದಿನ ಸಾಲಿನಿಂದ ಉಮ್ಮೇ ಕುಲ್ಸುಮ್ ಚಿಕ್ಕಮ್ಮ ಎದ್ದು ನಿಂತಳು. "ಏ ನೇತ್ರಾ! ತಿರುವ ಬೇ! ಹೊತ್ತಾಕತ್ತ್ಯಾದ!" ಅವಳ ಬೆನ್ನಿಗೇ ಇನ್ನೊಬ್ಬಳು, "ಉರಿ ಹಿಂದ ತಗೀರಿ ಮೊದ್ಲು!" ಮತ್ತೊಬ್ಬಳು, "ಅನ್ನ ದೇವ್ರು ಅದು, ಹಂಗ ನೋಡ್ಕೋತ ಕುಂದ್ರಬಾರ್ದು, ಕಣ್ಣು ಹೋಗ್ಯಾವೇನು!" ಹೆಂಗಸರೆಲ್ಲ ಎದ್ದು ಪರದೆಗೆ ಕೈ ಮಾಡಿ ಕೂಗತೊಡಗಿದರು. ಗೊರಕೆ ಹೊಡೆಯುತ್ತಿದ್ದ ದೊಡ್ಡಪ್ಪ ಬೆಚ್ಚಿ ಎದ್ದು, "ಎಲ್ಲಿ ಹತ್ತ್ಯಾದ ಬೆಂಕಿ?" ಎಂದ. ಜುಬ್ಬಾದವರು "ಶ್ಶ್, ಶ್ಶ್" ಎಂದು ಸೋತರು. ಅಷ್ಟೆಲ್ಲ ಹೇಳಿದರೂ ಪರದೆಯ ಮೇಲಿನ ಸೊಸೆ ರೊಟ್ಟಿ ತಿರುವಲಿಲ್ಲ. ಅದು ಇದ್ದಿಲಾಗುವ ತನಕ ನೋಡುತ್ತಲೇ ಕೂತಳು.

ಕುರ್ಚಿಯ ನೇತ್ರಾವತಿ ಬೆರಳು ಬೆರಳು ಹಿಸುಕಿಕೊಂಡಳು. ಅವತ್ತು ಅವಳ ಕೈ ಎಷ್ಟು ಕಡಿದಿತ್ತು ರೊಟ್ಟಿ ತಿರುವಲು! "ಕಟ್ ಅನ್ನುವ ತನಕ ಮುಟ್ಟಬೇಡ" ಎಂದಿದ್ದ ಪ್ರಭುರಾಜ. ಈಗ ಅದನ್ನು ಯಾರಿಗೆ ಹೇಳುವುದು?

"ಮಾನ ಕಳದಿ," ಎಂದಳು ಬಂಡೆಮ್ಮ. "ಬಂಡೆಮ್ಮನ ಸೊಸಿ ರೊಟ್ಟಿ ಹೊತ್ತಿಸ್ತಾಳ ಅಂತ ದೇಶಕ್ಕೆಲ್ಲಾ ತೋರ್ಸ್ಯಾರ. ಬಹುಮಾನ ಬ್ಯಾರೆ ಕೊಟ್ಟಾರಂತ ಇದಕ್ಕ."

"ಬಾವಿ ಸೀನು ಬರ್ತದ ಅತ್ತಿ," ಎಂದಳು ನೇತ್ರಾವತಿ. ಅವಳ ಕೈಯಲ್ಲಿ ಉಳಿದದ್ದು ಅದೊಂದೇ.

ಬಂತು. ನೇತ್ರಾವತಿ ಗುರುತು ಹಿಡಿಯುವಷ್ಟರಲ್ಲಿ ಅರ್ಧ ಮುಗಿದೇ ಹೋಗಿತ್ತು. ಯಾಕೆಂದರೆ ಪರದೆಯ ತುಂಬ ಬರೀ ಬಯಲು, ಬಿಸಿಲು, ಮೇಲೆ ಬಿಳಿಚಿಕೊಂಡ ಆಕಾಶ. ಎಲ್ಲೋ ಕೆಳಗೆ, ದೂರದಲ್ಲಿ ಒಂದು ಬಾವಿ, ಅದರ ದಂಡೆಗೆ ಇರುವೆಯಷ್ಟು ದೊಡ್ಡ ಎರಡು ಆಕಾರ. ಅವತ್ತು ಗುಡ್ಡದ ಮೇಲೆ ಇನ್ನೊಂದು ಕ್ಯಾಮೆರಾ ಇತ್ತು. ಅದನ್ನು ಅವಳು ಕಂಡಿದ್ದರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ಇರುವೆ ಕೈ ಎತ್ತಿತು, ಕೈ ಬೀಸಿತು, ಎದೆ ಬಡಿದುಕೊಂಡಿತು. ಕೇಳಿಸಿದ್ದು ಗಾಳಿಯ ಸದ್ದು, ಎಲ್ಲೋ ಡುಬುಡುಬು ಎನ್ನುವ ಪಂಪ್‌ಸೆಟ್ಟು.

ಮಾತು? ಮಾತೆಲ್ಲಿ? ನೇತ್ರಾವತಿ ಮುಂದೆ ಬಾಗಿದಳು. ಈಗ ಕ್ಯಾಮೆರಾ ಹತ್ತಿರ ಬರುತ್ತದೆ, ಈಗ ಬರುತ್ತದೆ. ಬರಲಿಲ್ಲ. ಅವಳ ತುಟಿಗಳು ತಾವಾಗಿಯೇ ಆ ಮಾತುಗಳನ್ನು ಆಡುತ್ತಿದ್ದವು. ಒಂದೊಂದು ಮಾತೂ ಯಾವ ಕೈಬೀಸಿಗೆ ಸೇರಿದ್ದೆಂದು ಅವಳೊಬ್ಬಳಿಗೇ ಗೊತ್ತಿತ್ತು. ಆ ಹಾಳು ಗಾಳಿ ಬೀಸುತ್ತಲೇ ಇತ್ತು. ಆಮೇಲೆ ಪರದೆ ಕಪ್ಪಾಯಿತು, ಅಕ್ಷರಗಳು ಏರತೊಡಗಿದವು. ಮೋಸ, ಬರೀ ಮೋಸ! ಎರಡು ವರ್ಷ ಯಾವ ಮಾತನ್ನು ಎದೆಯಲ್ಲಿಟ್ಟುಕೊಂಡು ಆ ಅಡುಗೆಮನೆಯಲ್ಲಿ ದಿನ ನೂಕಿದ್ದಳೋ, ಆ ಮಾತು ಈ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ.

"ಮುಗೀತಾ?" ಎಂದಳು ಯಶೋದಾ.

"ಮುಗೀತಂತ."

ಬಂಡೆಮ್ಮ ಮಾತ್ರ ಏರುವ ಅಕ್ಷರಗಳನ್ನೇ ನೋಡುತ್ತ ಕೂತಿದ್ದಳು. ನೇತ್ರಾವತಿ ತಲೆ ತಗ್ಗಿಸಿ ಕಾದಳು. ಐತಾರ ಹೋಯಿತು, ಕಲೀಮುಲ್ಲಾ ಸರ್ ಹೋದರು, ಎಲ್ಲಾ ಹೋಯಿತು. ಕಡೆಗೆ ಬಂಡೆಮ್ಮ ಆಕಳಿಸಿ, ಬಾಯಿ ಮುಂದೆ ಚಿಟಿಕೆ ಹೊಡೆದು, ತೀರ್ಪು ಕೊಟ್ಟಳು.

"ಬ್ಯಾಸರಾತು ನೋಡವಾ, ಖರೇ ಹೇಳ್ಬೇಕಂದ್ರ ಸೊಂಟ ಹಿಡೀತು. ಆದ್ರ ಮರ್ಯಾದಿ ಅದ. ಕುಣಿಯಂಗಿಲ್ಲ, ಕಿಸಿಯಂಗಿಲ್ಲ, ಮಂದಿ ಮುಂದ ಬಾಯಿ ತಗಿಯಂಗಿಲ್ಲ. ತಲಿ ಮ್ಯಾಲಿನ ಸೆರಗು ಸುದ್ದಾ ಜಾರ್ಲಿಲ್ಲ. ಇಂಥಾದ್ದಾದ್ರ ನಂದೇನೂ ಅಡ್ಡಿಲ್ಲ. ಐತಾರ ಹೋಗಿ ಹಿಂಗಽ ಸುಮ್ಮ ಕುಂತು ಬಾ."

ನೇತ್ರಾವತಿ ತಲೆ ಎತ್ತಿ ಅತ್ತೆಯ ಮುಖ ನೋಡಿದಳು. ದುರುಗೇಶ ನಕ್ಕು, "ಆತಲ್ಲ, ಇನ್ನೇನು!" ಎಂದ. ಅಪ್ಪಣೆ ಸಿಕ್ಕಿತ್ತು. ಬೇಡಿದ್ದೇ ಸಿಕ್ಕಿತ್ತು. ಗಂಟಲಲ್ಲಿ ಮಾತ್ರ ಬಿಸಿ ತುಪ್ಪ ನಿಂತಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಅಷ್ಟರಲ್ಲಿ ವೇದಿಕೆಗೆ ಕರೆ ಬಂತು. ಮೊಣಕಾಲುಗಳನ್ನು ದಾಟಿ, ಕಾಲು ತುಳಿದು, ಬೈಸಿಕೊಂಡು ಅವಳು ಮೇಲೆ ಹೋದಳು. ಯಾರೋ ಶಾಲು ಹೊದಿಸಿದರು. ಪ್ರಭುರಾಜ ಖುಷಿಯಿಂದ ಅವಳ ಎರಡೂ ಕೈ ಹಿಡಿದುಕೊಂಡ. ಅವಳು ತಡೆಯಲಾರದೆ ಅವನಿಗಷ್ಟೇ ಕೇಳುವಂತೆ ಕೇಳಿದಳು, "ಸರ್, ಬಾವಿ ಹತ್ರ ನಾ ಆಡಿದ ಮಾತು ಎಲ್ಲಿ ಹೋದ್ವು?"

"ಅದಾ?" ಅವನು ಮುಜುಗರದಿಂದ ನಕ್ಕ. "ಅದು ಭಾಳ ಚಂದ ಬಂದಿತ್ತು ನೇತ್ರಾವತಿ. ಅದಕ್ಕೇ ತೆಗೆದೆ. ಇಟ್ಟಿದ್ರ ಮಂದಿಗೆ ಅದೊಂದಽ ನೆನಪಿರ್ತಿತ್ತು, ಉಳಿದ ಸಿನೆಮಾ ಯಾರೂ ನೋಡ್ತಿರಲಿಲ್ಲ."

ಅವಳು ಏನಾದರೂ ಅನ್ನುವ ಮೊದಲೇ ಅವನು ಮೈಕಿಗೆ ಹೋಗಿದ್ದ. ಈ ನೆಲದ ಹೆಣ್ಣಿನ ನೋವಿಗೆ ಭಾಷೆಯೇ ಇಲ್ಲ, ಆಕೆಯ ಮೌನವೇ ಆಕೆಯ ಮಾತು, ಅದನ್ನು ಹಿಡಿಯುವುದಕ್ಕೇ ತಾನು ಇಷ್ಟು ವರ್ಷ ತಪಸ್ಸು ಮಾಡಿದೆ ಎಂದೆಲ್ಲ ಹೇಳಿ, "ಈಗ ನಮ್ಮ ನಾಯಕಿ ಎರಡು ಮಾತು ಆಡ್ತಾರೆ" ಎಂದು ಮೈಕು ಅವಳ ಕೈಗೆ ಕೊಟ್ಟ.

ಮೈಕು ಕೈಯಲ್ಲಿತ್ತು. ಸಭೆ ಎದುರಿಗಿತ್ತು. ಬಾವಿಯ ಮಾತು ಒಂದೂ ಬಿಡದೆ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಮೈಕೂ ಬೇಕಿರಲಿಲ್ಲ ಅವಳಿಗೆ, ಬಾಯಿ ತೆರೆದರೆ ಸಾಕಿತ್ತು. ಆದರೆ ಮೂರನೇ ಸಾಲಿನ ನಡುವೆ ಬಂಡೆಮ್ಮ ಕೂತಿದ್ದಳು, ಪಕ್ಕದ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟುಕೊಂಡು. ಈಗ ಬಾಯಿ ತೆರೆದರೆ ಐತಾರವಿಲ್ಲ. ತೆರೆಯದಿದ್ದರೆ ಈ ಮನುಷ್ಯ ಹೇಳಿದ್ದೇ ಖರೆಯಾಗುತ್ತದೆ. ಮಾತಾಡುವ ಜಾಗಕ್ಕೆ ಹೋಗಬೇಕೆಂದರೆ ಇಲ್ಲಿ ಮೂಕಿಯಾಗಬೇಕು, ಇದೆಂಥ ನ್ಯಾಯ?

ನೇತ್ರಾವತಿ ಕೈಮುಗಿದಳು. "ಎಲ್ಲಾರಿಗೂ ಶರಣ್ರಿ" ಎಂದಳು. ಮೈಕು ವಾಪಸು ಕೊಟ್ಟಳು.

"ನೋಡಿದಿರಾ?" ಎಂದ ಪ್ರಭುರಾಜ, ಅವನ ದನಿ ತುಂಬಿ ಬಂದಿತ್ತು. "ಇದೇ. ನಾನು ಹೇಳಿದ್ದು ಇದನ್ನೇ." ಸಿನೆಮಾಕ್ಕೆ ಬೀಳದ ಚಪ್ಪಾಳೆ ಆಗ ಬಿತ್ತು. ಜುಬ್ಬಾದವರು ಎದ್ದು ನಿಂತರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಬಂಡೆಮ್ಮ. ನೇತ್ರಾವತಿಗೆ ಆ ಚಪ್ಪಾಳೆ ಕೆನ್ನೆಯ ಮೇಲೆ ಬಿದ್ದಂತಾಯಿತು.

ನಿರ್ದೇಶಕನಿಗೆ ಟವೆಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಎಲ್ಲರೂ ಕ್ರೂಸರ್ ಹತ್ತಿದರು. ಮುಕರ್ರಂ ಗಾಡಿ ತೆಗೆದ. ಮುಂದೆ ಅವನ ಪಕ್ಕ ದುರುಗೇಶ, ಹಿಂದೆ ಎದುರು ಬದುರು ಸೀಟಿನಲ್ಲಿ ಗಂಡಸರು, ನಡುವಿನ ಸೀಟಿಗೆ ಹೆಂಗಸರು. ಅಲ್ಲಿಯೂ ನೇತ್ರಾವತಿಗೆ ಸಿಕ್ಕಿದ್ದು ನಟ್ಟನಡುವೆ. ಈ ಕಡೆ ಬಂಡೆಮ್ಮನ ಮೊಣಕೈ, ಆ ಕಡೆ ಉಮ್ಮೇ ಕುಲ್ಸುಮ್ ಚಿಕ್ಕಮ್ಮನ ಸೊಂಟ, ತೊಡೆಯ ಮೇಲೆ ರೊಟ್ಟಿಯ ಗಂಟು. ಊರು ದಾಟುತ್ತಲೇ ಗಂಟು ಬಿಚ್ಚಿತು. ಮಟಮಟ ಮಧ್ಯಾಹ್ನ, ಕಿಟಕಿಯಿಂದ ಬಿಸಿಗಾಳಿ. ಎಲ್ಲರೂ ಚಟ್ನಿ ಹಚ್ಚಿದ ರೊಟ್ಟಿ ತಿನ್ನುತ್ತ ಸಿನೆಮಾವನ್ನು ಬೈದರು. "ಆಡು ಚಲೋ ಪಾರ್ಟ್ ಮಾಡಿತ್ತು" ಎಂದ ದೊಡ್ಡಪ್ಪ. "ನೀ ಎಲ್ಲಿ ನೋಡ್ದಿ ಯಪ್ಪಾ, ಮಲಗಿದ್ದಿಯಲ್ಲ!" ಎಂದಳು ಯಶೋದಾ. ಗಾಡಿಯೆಲ್ಲ ನಕ್ಕಿತು.

"ನಗಬ್ಯಾಡ್ರೀ," ಎಂದಳು ಬಂಡೆಮ್ಮ. "ನಮ್ಮ ಸೊಸಿ ಸಭಾದಾಗ ಹೆಂಗ ನಡ್ಕೊಂಡ್ಲು ನೋಡಿದ್ರಿಲ್ಲೋ? ಕೈಯಾಗ ಮೈಕ್ ಕೊಟ್ರೂ ಒಂದಽ ಮಾತು. ನಾ ಹೇಳಿಬಿಟ್ಟೀನಿ, ಐತಾರ ನಾಟಕಕ್ಕ ಹೋಗ್ಲಿ ಅಂತ." ಮತ್ತೆ ಸೊಸೆಯ ಕಡೆ ತಿರುಗಿದಳು. "ಅಲ್ಲೂ ಹಿಂಗಽ ಸುಮ್ಮ ಇರೂ ಪಾರ್ಟ್ ಹೌದಿಲ್ಲೋ?"

ನೇತ್ರಾವತಿ ಸುಮ್ಮನಿದ್ದಳು. ಸುಮ್ಮನಿದ್ದರೆ ಹೌದು ಎಂದೇ ಅರ್ಥ. ಮುಂದಿನ ಸೀಟಿನ ದುರುಗೇಶನಿಗೆ ಖರೆ ಏನೆಂದು ಗೊತ್ತಿತ್ತು. ಅವನು ತಿರುಗಿ ನೋಡಲಿಲ್ಲ, ಕೆಮ್ಮಿದ ಅಷ್ಟೇ. ಬಂಡೆಮ್ಮ ಸಮಾಧಾನವಾಗಿ ಇನ್ನೊಂದು ತುತ್ತು ಮುರಿದಳು. ಹೀಗೇ ಮಾನ್ವಿ ಮುಟ್ಟಿದರೆ ಕೆಲಸವಾಯಿತು. ಬಾಯಿ ಮುಚ್ಚಿಕೊಂಡು ಐತಾರ ಗೆದ್ದಾಯಿತು. ಆದರೆ ಪ್ರಭುರಾಜನೂ ಹೀಗೇ ಅವಳ ಸುಮ್ಮನಿರುವಿಕೆಗೆ ತನಗೆ ಬೇಕಾದ ಅರ್ಥ ಕಟ್ಟಿದ್ದ. ಸಭೆಯೂ ಕಟ್ಟಿತ್ತು. ಈಗ ಈಕೆಯೂ.

"ಇಲ್ಲ ಅತ್ತಿ," ಎಂದಳು.

"ಏನಿಲ್ಲ?"

"ಸುಮ್ಮ ಇರೂ ಪಾರ್ಟ್ ಅಲ್ಲ ಅದು. ಮೊದಲಿಂದ ಕಡೀತನಕ ನಾನಽ ಮಾತಾಡೋದು."

ಬಂಡೆಮ್ಮ ಸೊಸೆಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಮೊದ್ಲಽ ಯಾಕ ಹೇಳ್ಲಿಲ್ಲ? ಹಂಗಾರ ಬ್ಯಾಡ ಬಿಡು. ಮಂದಿ ಮುಂದ ನಿಂತು ಬಾಯಿ ಮಾಡೂದು ನಮ್ಮನಿತನಕ್ಕ ಒಪ್ಪಂಗಿಲ್ಲ. ನೀ ಮಾತಾಡಿದ್ದು ಒಂದರ ಮಾತು ಕೇಳೀನೇನು ನಾ? ಬಾವಿ ಸೀನು ಬಾವಿ ಸೀನು ಅಂತ ಕುಣಕೋತ ಬಂದಿ, ಅಲ್ಲಿ ನೋಡಿದ್ರ ಬರೇ ಗಾಳಿ!"

ಆ ಮಾತಿಗೆ ನೇತ್ರಾವತಿಯ ಕಟ್ಟೆ ಒಡೆಯಿತು.

"ಕೇಳಿಲ್ಲಲ್ಲ? ಹಂಗಾರ ಕೇಳ್ರಿ!" ಎಂದಳು. ಎದ್ದು ನಿಲ್ಲಲು ಜಾಗವಿರಲಿಲ್ಲ. ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದಳು. ಆಗ ಅವಳಿಗೆ ಒಂದು ಹೊಳೆಯಿತು. ಇಲ್ಲಿಂದ ಯಾರೂ ಎದ್ದು ಹೋಗುವಂತಿಲ್ಲ. ಇವತ್ತು ಮುಂಜಾನೆಯಿಂದ ಸಿಕ್ಕಿಬಿದ್ದವಳು ತಾನೊಬ್ಬಳೇ, ಈಗ ಎಲ್ಲರ ಸರದಿ.

"ಒದಿ ಭಾವಾ, ಇನ್ನೊಮ್ಮಿ ಒದಿ!"

ಗೊರಗೊರ ಎನ್ನಲಿಲ್ಲ ಗಂಟಲು. ಕ್ರೂಸರಿನ ಗಾಜು ಗುಂಯ್ ಎಂದವು. ದೊಡ್ಡಪ್ಪನ ಕೈಯಿಂದ ರೊಟ್ಟಿ ಜಾರಿತು.

"ಕೊಡಕ್ಕೇನು ಬಾಯಿ ಅದ, ತಿರುಗಿ ಮಾತಾಡಾಕ? ನನಗದ! ನಿಮ್ಮ ಹೊಸ್ತಿಲ ದಾಟಿ ಬಂದಾಗಿಂದ ನಾ ಸೇದಿದ ನೀರೆಲ್ಲಾ ಒಂದಽ ಕಡಿ ನಿಂದ್ರಿಸಿದ್ರ ಕೃಷ್ಣಾ ಹೊಳಿ ಬಂದು ನನ್ನ ಕಾಲು ಮುಟ್ಟಬೇಕು. ಆ ನೀರಿಲೆ ನೀ ಮಾರಿ ತೊಳದಿ. ಆ ನೀರಿಲೆ ನಿಮ್ಮವ್ವ ಬ್ಯಾಳಿ ಬೇಯಿಸಿದ್ಲು. ಆ ನೀರು ಕುಡದು ಗಂಟಲ ಹಸಿ ಮಾಡ್ಕೊಂಡು ನನಗಽ ಬೈದ್ರಿ! ಎಲ್ಲಾರ ಗಂಟಲಿಗೂ ನೀರು ಹಾಕಿದಾಕಿ ಗಂಟಲ ಒಣಗ್ಯಾದೇನಂತ ಒಬ್ಬರರ ಕೇಳಿದ್ರೇನು?"

ಉಮ್ಮೇ ಕುಲ್ಸುಮ್ ಚಿಕ್ಕಮ್ಮ "ಯಾ ಅಲ್ಲಾ" ಎಂದು ಎದೆಗೆ ಕೈ ಇಟ್ಟುಕೊಂಡಳು. ಯಶೋದಾ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ನೇತ್ರಾವತಿ ಯಾರನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ದನಿ ಮಾತ್ರ ಇಳಿಯಲಿಲ್ಲ.

"ತವರಿನವರು ಬರೇ ಕೊಡ ಕೊಟ್ಟು ಕಳಿಸ್ಯಾರಂತ ತಿಳಿದೀರಿ. ದನಿನೂ ಕೊಟ್ಟು ಕಳಿಸ್ಯಾರ! ಅದನ್ನ ಮಡಚಿ ಟ್ರಂಕಿನ್ಯಾಗ ಇಟ್ಟಿದ್ದೆ, ಮದುವಿ ಸೀರಿ ಜೋಡಿ. ಹಂಗಽ ಬಿಟ್ರ ನುಸಿ ಹತ್ತತದ. ಇವತ್ತು ತಗದು ಬಿಸಿಲಿಗೆ ಹಾಕಾಕತ್ತೀನಿ, ಯಾರು ಬ್ಯಾಡ ಅಂತೀರಿ ಬರ್ರಿ!"

ಗಾಡಿ ಗಕ್ಕನೆ ನಿಂತಿತು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ದಾರಿಯ ನಡುವಿನ ಕಲ್ಲೂರು ಇನ್ನೂ ಬಂದಿರಲಿಲ್ಲ, ಎರಡೂ ಕಡೆ ಹತ್ತಿ ಕಿತ್ತ ಬರೀ ಹೊಲ. ಮುಕರ್ರಂ ಗಾಬರಿಯಿಂದ ಹಿಂದೆ ತಿರುಗಿ, "ಕ್ಯಾ ಹುವಾ ಅಮ್ಮಾ? ಒಳಗ ಜಗಳ ಹತ್ತಿತೇನ್ರಿ?" ಎಂದ. ಎಲ್ಲರೂ ಬಂಡೆಮ್ಮನ ಮುಖ ನೋಡಿದರು. ದುರುಗೇಶ ಕೂಡ ಮೊದಲ ಸಲ ಹಿಂದೆ ತಿರುಗಿದ್ದ.

ಬಂಡೆಮ್ಮನ ಕೈಯಲ್ಲಿ ಮುರಿದ ರೊಟ್ಟಿ ಹಾಗೆಯೇ ಇತ್ತು. ಓಣಿಯನ್ನೇ ನಡುಗಿಸಿದ ಬಾಯಿಗೆ ಒಂದೂ ಮಾತು ಸಿಕ್ಕಿರಲಿಲ್ಲ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು, ಆಮೇಲೆ ಸಿಟ್ಟನ್ನೆಲ್ಲ ತಂದು ಮುಕರ್ರಂನ ಮೇಲೆ ಹಾಕಿದಳು.

"ನಿಂದ್ರಸು ಅಂದವ್ರು ಯಾರೋ ನಿನಗ? ಹೊಡಿ ಗಾಡಿ. ಮೆಲ್ಲಕ ಹೊಡಿ, ಆಕಿದಿನ್ನಾ ಮುಗಿದಿಲ್ಲ. ಮತ್ತ ಬರೂ ಐತಾರ ಈ ಗಾಡಿ ಯಾರಿಗೂ ಕೊಡಬ್ಯಾಡ, ನಮಗ ಬೇಕು."

ಮುಕರ್ರಂ ಗೇರು ಹಾಕಿದ. ನೇತ್ರಾವತಿ ಕಣ್ಣೊರೆಸಿಕೊಂಡು, ಉಸಿರು ಎಳೆದುಕೊಂಡು ಮುಂದಿನ ಮಾತು ಎತ್ತಿದಳು.